ಕೆಸರುಗದ್ದೆಯಲ್ಲಿ ದುಡಿಯುವ ಹಳೆಯ ಸಣ್ಣ ಟ್ರ್ಯಾಕ್ಟರಿನ ಗೇರ್ ಆಯಿಲ್: ಪರೀಕ್ಷೆ ಮತ್ತು ಮರುಭರ್ತಿ

ಮುಂಗಾರಿನ ಭತ್ತದ ನಾಟಿ ಮುಗಿದೊಡನೆ ತುಂಗಭದ್ರಾ, ಭದ್ರಾ ಹಾಗೂ ಕಾವೇರಿ ಅಚ್ಚುಕಟ್ಟು ಪ್ರದೇಶಗಳಲ್ಲಿ ಟ್ರ್ಯಾಕ್ಟರನ್ನು ತೊಳೆದು, ಕೇಜ್ ವೀಲ್ ಕಳಚಿ, ಶೆಡ್ಡಿನಲ್ಲಿ ನಿಲ್ಲಿಸುವುದು ವಾಡಿಕೆ. ಎಂಜಿನ್ ಎಣ್ಣೆಯನ್ನು ಬಹುಪಾಲು ರೈತರು ಸಕಾಲದಲ್ಲಿ ಬದಲಾಯಿಸುತ್ತಾರೆ. ಗೇರ್‌ಬಾಕ್ಸಿನ ಎಣ್ಣೆಯತ್ತ ಮಾತ್ರ, ಗೇರು ಬೀಳುವುದು ಕಷ್ಟವಾಗುವವರೆಗೆ ಅಥವಾ ಹಿಂಬದಿಯ ಲಿಫ್ಟ್ ಏಳದಿರುವವರೆಗೆ ಯಾರ ಗಮನವೂ ಹರಿಯುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಹಳೆಯದಾದ, ಕೈಯಿಂದ ಗೇರು ಬದಲಿಸುವ, 25ರಿಂದ 40 ಅಶ್ವಶಕ್ತಿಯ ಟ್ರ್ಯಾಕ್ಟರುಗಳನ್ನು ಹೊಂದಿರುವ ರೈತ ಬಾಂಧವರಿಗಾಗಿ ಈ ಲೇಖನವನ್ನು ಬರೆಯಲಾಗಿದೆ.

ನಾನು ಬೇಸಾಯಶಾಸ್ತ್ರದವನು, ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಹಲವು ವರ್ಷಗಳ ಹಿಂದೆ ನನ್ನ ಉಸ್ತುವಾರಿಯಲ್ಲಿದ್ದ ಭತ್ತದ ಪ್ರಯೋಗವೊಂದಕ್ಕೆ ಹಳೆಯ ಟ್ರ್ಯಾಕ್ಟರಿನಿಂದ ಕೆಸರು ಮಾಡಿಸುತ್ತಿದ್ದೆವು. ಪ್ರತಿದಿನ ಬೆಳಿಗ್ಗೆ ಚಾಲಕ ಅಳತೆ ಕಡ್ಡಿಯನ್ನು ಎಳೆದು ನೋಡಿ, “ಗೇರ್ ಆಯಿಲ್ ಇಳಿದೇ ಇಲ್ಲ ಸಾರ್, ಗುರುತಿಗಿಂತ ಮೇಲೇ ಇದೆ” ಎನ್ನುತ್ತಿದ್ದ. ನಾನೂ ಸಮಾಧಾನಪಟ್ಟುಕೊಳ್ಳುತ್ತಿದ್ದೆ. ಎಣ್ಣೆ ತಾನಾಗಿಯೇ ಹೆಚ್ಚಾಗುವುದು ಹೇಗೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಏಳನೆಯ ದಿನ ಬೇರಿಂಗ್ ಒಡೆದು ಗದ್ದೆಯ ನಡುವೆಯೇ ಟ್ರ್ಯಾಕ್ಟರು ನಿಂತಿತು. ಗೇರ್‌ಬಾಕ್ಸ್ ಬಿಚ್ಚಿದಾಗ ಹೊರಬಂದದ್ದು ಹಾಲು ಬೆರೆಸಿದ ಚಹಾದ ಬಣ್ಣದ ದ್ರವ. ರಿಪೇರಿಗೆ ಎರಡು ವಾರ ಹಿಡಿಯಿತು. ಸಸಿಮಡಿಯಲ್ಲಿ 24 ದಿನ ತುಂಬಿದ್ದ ಸಸಿಗಳು ನಾಟಿಯಾಗುವ ಹೊತ್ತಿಗೆ 38 ದಿನದವಾಗಿದ್ದವು. ವಯಸ್ಸು ಮೀರಿದ ಸಸಿಯಲ್ಲಿ ತೆಂಡೆಗಳ ಸಂಖ್ಯೆ ಕುಗ್ಗುತ್ತದೆಯೆಂಬುದನ್ನು ರೈತರಿಗೆ ಬೋಧಿಸುತ್ತಿದ್ದ ನಾನು, ಅದನ್ನು ನನ್ನದೇ ತಾಕಿನಲ್ಲಿ ಕಾಣಬೇಕಾಯಿತು. ಆ ಹಂಗಾಮಿನ ಅಂಕಿ-ಅಂಶಗಳನ್ನು ಕೈಬಿಡಬೇಕಾಯಿತು.

ಆದುದರಿಂದ ಗೇರ್ ಎಣ್ಣೆಯ ಮಟ್ಟ ಇಳಿಯುವುದಕ್ಕಿಂತ ಏರುವುದು ಹೆಚ್ಚು ಅಪಾಯಕರವೆಂಬುದನ್ನು ಮೊದಲು ಮನಗಾಣಬೇಕು. ಕೆಸರುಗದ್ದೆಯಲ್ಲಿ ದುಡಿಯುವ ಟ್ರ್ಯಾಕ್ಟರಿನಲ್ಲಿ ಮಟ್ಟದಷ್ಟೇ ಬಣ್ಣವನ್ನೂ ನೋಡಬೇಕು.

ನೀರು ಒಳಸೇರುವ ದಾರಿಗಳು

ದಿನವಿಡೀ ಕೆಲಸ ಮಾಡಿದ ಗೇರ್‌ಬಾಕ್ಸ್ ಬಿಸಿಯಾಗಿರುತ್ತದೆ. ಒಳಗಿನ ಗಾಳಿ ಹಿಗ್ಗಿ, ಮೇಲ್ಭಾಗದಲ್ಲಿರುವ ಬ್ರೀದರ್ ಎಂಬ ಸಣ್ಣ ಉಸಿರು ರಂಧ್ರದ ಮೂಲಕ ಹೊರಹೋಗಿರುತ್ತದೆ. ಅಂಥ ಯಂತ್ರವನ್ನು ತಣ್ಣನೆಯ ನೀರು ನಿಂತ ಗದ್ದೆಗೆ ಇಳಿಸಿದಾಗ ಗಾಳಿ ಕುಗ್ಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಬ್ರೀದರ್ ತೆರೆದಿದ್ದರೆ ಅಲ್ಲಿಂದ ಗಾಳಿ ಬರುತ್ತದೆ. ಅದು ಧೂಳು, ಗ್ರೀಸಿನಿಂದ ಮುಚ್ಚಿಹೋಗಿದ್ದರೆ, ನೀರಿನಲ್ಲಿ ಮುಳುಗಿರುವ ಹಿಂಚಕ್ರದ ಅಚ್ಚಿನ ಸೀಲುಗಳ ಅಂಚಿನಿಂದ ಕೆಸರುನೀರೇ ಎಳೆಯಲ್ಪಡುತ್ತದೆ. ಹಳೆಯ ಟ್ರ್ಯಾಕ್ಟರಿನಲ್ಲಿ ಈ ಸೀಲುಗಳ ರಬ್ಬರು ಗಡುಸಾಗಿರುತ್ತದೆ. ಹುಲ್ಲು, ಕೂಳೆ, ಕಳೆಬಳ್ಳಿಗಳು ಅಚ್ಚಿಗೂ ಪಿಟಿಒ ಶಾಫ್ಟಿಗೂ ಸುತ್ತಿಕೊಂಡು ಸೀಲಿನ ತುಟಿಯನ್ನು ಕತ್ತರಿಸುವುದೂ ಉಂಟು. ಪ್ರತಿದಿನ ಸಂಜೆ ಎಂಜಿನ್ ನಿಲ್ಲಿಸಿ ಈ ಸುತ್ತನ್ನು ಬಿಡಿಸಿ ತೆಗೆಯುವುದು ಐದು ನಿಮಿಷದ ಕೆಲಸ.

ಇನ್ನೊಂದು ದಾರಿ ಮೇಲಿನಿಂದ. ಗೇರ್ ಲಿವರಿನ ಬುಡದಲ್ಲಿರುವ ರಬ್ಬರ್ ಹೊದಿಕೆ ಬಿರುಕುಬಿಟ್ಟಿದ್ದರೆ ಮಳೆನೀರು ನೇರವಾಗಿ ಗೇರ್‌ಬಾಕ್ಸಿಗೆ ಇಳಿಯುತ್ತದೆ. ಗದ್ದೆಗೆ ಇಳಿಯದ, ಬಯಲಿನಲ್ಲಿ ನಿಂತ ಟ್ರ್ಯಾಕ್ಟರಿನಲ್ಲಿಯೂ ಎಣ್ಣೆ ಹಾಲಾಗುವುದು ಬಹುಮಟ್ಟಿಗೆ ಇದರಿಂದಲೇ. ವಾಟರ್ ಸರ್ವಿಸ್ ಮಾಡಿಸುವಾಗ ಒತ್ತಡದ ನೀರನ್ನು ಲಿವರಿನ ಬುಡಕ್ಕೂ ಬ್ರೀದರಿಗೂ ಹಾಯಿಸಬಾರದು. ಆ ರಬ್ಬರ್ ಹೊದಿಕೆ ಅಗ್ಗದ ವಸ್ತು. ಅದನ್ನು ಬದಲಾಯಿಸದೆ ಬಿಡುವವರೇ ಹೆಚ್ಚೆಂಬುದು ಸೋಜಿಗ.

ಎಣ್ಣೆಯಲ್ಲಿ ನೀರು ಬೆರೆತಾಗ ಹಲ್ಲು-ಹಲ್ಲುಗಳ ನಡುವಿನ ತೆಳುಪದರ ಭಾರವನ್ನು ಹೊರಲಾರದು. ಲೋಹಕ್ಕೆ ಲೋಹ ಉಜ್ಜುತ್ತದೆ. ಜೊತೆಗೆ ಬಂದ ಮಣ್ಣಿನ ನಯವಾದ ಕಣಗಳು ಅರದಂತೆ ಕೆಲಸ ಮಾಡುತ್ತವೆ. ಇದಕ್ಕಿಂತ ದೊಡ್ಡ ಹಾನಿ ಟ್ರ್ಯಾಕ್ಟರು ನಿಂತಿರುವಾಗ ಆಗುತ್ತದೆ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಿಂಗಳುಗಟ್ಟಲೆ ತಳದಲ್ಲಿ ಕುಳಿತು ಬೇರಿಂಗ್ ಮತ್ತು ಗೇರುಗಳ ಕೆಳಭಾಗಕ್ಕೆ ತುಕ್ಕು ಹಿಡಿಸುತ್ತದೆ. ಆದಕಾರಣ ನೀರು ಸೇರಿದ ಎಣ್ಣೆಯನ್ನು ಮುಂದಿನ ಹಂಗಾಮಿನ ಆರಂಭಕ್ಕೆ ಬದಲಿಸುವ ರೂಢಿ ಸರಿಯಲ್ಲ. ನಾಟಿ ಮುಗಿದ ವಾರದಲ್ಲಿಯೇ ಬದಲಿಸಬೇಕು.

ಪರೀಕ್ಷಿಸುವ ಕ್ರಮ

ಟ್ರ್ಯಾಕ್ಟರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹಿಂಬದಿಯ ಲಿಫ್ಟ್ ತೋಳುಗಳನ್ನು ಪೂರ್ತಿ ಕೆಳಗಿಳಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ 15 ನಿಮಿಷ ಬಿಡಬೇಕು. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಹಾಗೂ ಹೈಡ್ರಾಲಿಕ್ ಲಿಫ್ಟ್ ಮೂರಕ್ಕೂ ಒಂದೇ ಎಣ್ಣೆ. ಲಿಫ್ಟ್ ಮೇಲಿದ್ದರೆ ಅಥವಾ ಹೈಡ್ರಾಲಿಕ್ ಟ್ರೈಲರ್ ಎತ್ತಿದ ಸ್ಥಿತಿಯಲ್ಲಿದ್ದರೆ ಒಂದಷ್ಟು ಎಣ್ಣೆ ಅಲ್ಲಿ ನಿಂತಿರುತ್ತದೆ. ಮಟ್ಟ ಕಡಿಮೆಯೆಂದು ಭ್ರಮಿಸಿ ಹೆಚ್ಚು ಸುರಿದುಬಿಡುವ ಸಂಭವವಿದೆ.

ಅಳತೆ ಕಡ್ಡಿಯ ಸುತ್ತಲಿನ ಮಣ್ಣನ್ನು ಒರೆಸಿದ ಮೇಲೆಯೇ ಅದನ್ನು ತೆಗೆಯಬೇಕು. ಕೆಲವು ಮಾದರಿಗಳಲ್ಲಿ ಕಡ್ಡಿಯನ್ನು ಮರೆ ತಿರುಗಿಸಿ ಬಿಗಿಮಾಡಿ ಅಳೆಯಬೇಕು. ಕೆಲವದರಲ್ಲಿ ಸುಮ್ಮನೆ ಮರೆಯ ಮೇಲೆ ಕೂರಿಸಿ ಅಳೆಯಬೇಕು. ಎರಡರ ನಡುವೆ ಬೆರಳಗಲದ ವ್ಯತ್ಯಾಸ ಬರುತ್ತದೆ. ನಿಮ್ಮ ಮಾದರಿಯ ಕ್ರಮವನ್ನು ಕೈಪಿಡಿಯಲ್ಲಿ ನೋಡಿಕೊಳ್ಳುವುದು ಉತ್ತಮ. ಕಡ್ಡಿಯೇ ಇಲ್ಲದೆ ಪಕ್ಕದಲ್ಲಿ ಮಟ್ಟದ ಪ್ಲಗ್ ಇದ್ದರೆ, ಪ್ಲಗ್ ತೆಗೆದಾಗ ಎಣ್ಣೆ ರಂಧ್ರದ ಕೆಳ ಅಂಚಿಗೆ ತಾಗಿರಬೇಕು.

ಕಡ್ಡಿಯ ಮೇಲಿನ ಎಣ್ಣೆಯನ್ನು ಬಿಳಿಯ ಬಟ್ಟೆಗೆ ಒರೆಸಿ ನೋಡಿರಿ. ಜೇನು ಅಥವಾ ಕಂದು ಬಣ್ಣ ಸಹಜ. ಹಳತಾದಂತೆ ಕಪ್ಪಾಗುವುದೂ ಸಹಜ. ಬೂದು ಮಿಶ್ರಿತ ಬಿಳುಪು, ಕಾಫಿ-ಚಹಾದ ಬಣ್ಣ ಕಂಡರೆ ಸಂಶಯಪಡಬೇಕು. ಆಗತಾನೆ ಕೆಲಸದಿಂದ ಬಂದ ಟ್ರ್ಯಾಕ್ಟರಿನಲ್ಲಿ ಗಾಳಿಯ ನೊರೆಯಿಂದಲೂ ಎಣ್ಣೆ ಬೆಳ್ಳಗೆ ಕಾಣಬಹುದು. ಅದು ಒಂದೆರಡು ಗಂಟೆಗಳಲ್ಲಿ ತಿಳಿಯಾಗುತ್ತದೆ. ನೀರಿನ ಬಿಳುಪು ಮರುದಿನವೂ ಉಳಿಯುತ್ತದೆ. ಇನ್ನೂ ಸಂಶಯವಿದ್ದರೆ ಎರಡು ಸರಳ ಪರೀಕ್ಷೆಗಳಿವೆ. ರಾತ್ರಿಯೆಲ್ಲ ನಿಂತ ಟ್ರ್ಯಾಕ್ಟರಿನ ಕೆಳಗೆ ಬಟ್ಟಲಿಟ್ಟು ಡ್ರೈನ್ ಪ್ಲಗ್ಗನ್ನು ಕಳಚದೆ ಒಂದೆರಡು ಸುತ್ತು ಮಾತ್ರ ಸಡಿಲಿಸಿದರೆ, ತಳದಲ್ಲಿ ನೀರಿದ್ದ ಪಕ್ಷದಲ್ಲಿ ಮೊದಲು ಅದೇ ಜಿನುಗುತ್ತದೆ. ಅಥವಾ ಕಾದ ಹಂಚಿನ ಮೇಲೆ ಒಂದು ಹನಿ ಎಣ್ಣೆ ಬಿಡಿರಿ. ನೀರಿದ್ದರೆ ಚಟಚಟನೆ ಸಿಡಿಯುತ್ತದೆ, ಇಲ್ಲದಿದ್ದರೆ ಸದ್ದಿಲ್ಲದೆ ಹೊಗೆಯಾಡುತ್ತದೆ. ಒಂದೇ ಹನಿ, ಮುಖವನ್ನು ದೂರವಿಟ್ಟು. ಡೀಸೆಲ್ ಕ್ಯಾನುಗಳ ಸಮೀಪ ಈ ಪರೀಕ್ಷೆ ಬೇಡ.

ಮಟ್ಟ ಇಳಿದಿದ್ದರೆ ಎಣ್ಣೆ ಹೋದದ್ದೆಲ್ಲಿಗೆ ಎಂಬುದನ್ನು ಹುಡುಕಬೇಕು. ಹಿಂಚಕ್ರದ ಒಳಬದಿ, ಹೈಡ್ರಾಲಿಕ್ ಪೈಪುಗಳ ಜೋಡಣೆ, ಡ್ರೈನ್ ಪ್ಲಗ್ಗಿನ ವಾಷರ್ ನೋಡಿರಿ. ಕ್ಲಚ್ ಕೋಶದ ತಳದಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಬದಿಯ ಅಥವಾ ಗೇರ್‌ಬಾಕ್ಸ್ ಬದಿಯ ಸೀಲು ಸೋತಿದೆಯೆಂದು ತಿಳಿಯಬೇಕು. ಉಪೇಕ್ಷಿಸಿದರೆ ಕ್ಲಚ್ ಪ್ಲೇಟ್ ಎಣ್ಣೆಯಲ್ಲಿ ನೆನೆದು ಜಾರತೊಡಗುತ್ತದೆ. ಕೆಸರು ಮಾಡುವ ಮುನ್ನ ಈ ರಂಧ್ರಕ್ಕೆ ಪ್ಲಗ್ ಹಾಕುವ ಪದ್ಧತಿ ಅನೇಕ ಮಾದರಿಗಳಲ್ಲಿದೆ. ಆ ಪ್ಲಗ್ಗನ್ನು ನಾಟಿಯ ನಂತರ ಮರೆಯದೆ ತೆಗೆಯಬೇಕು. ಇಲ್ಲವಾದರೆ ಸೋರಿದ ಎಣ್ಣೆ ಹೊರಬರಲಾರದೆ ಕ್ಲಚ್ ಕೋಶದಲ್ಲಿಯೇ ತುಂಬಿಕೊಳ್ಳುತ್ತದೆ.

ಎಣ್ಣೆಯ ಆಯ್ಕೆ

ಅಂಗಡಿಯಲ್ಲಿ “90 ನಂಬರ್” ಎಂದು ಕೇಳಿ ತರುವುದಷ್ಟೇ ಸಾಲದು. ಎಸ್‌ಎಇ 90 ಅಥವಾ 80ಡಬ್ಲ್ಯು-90 ಎಂಬುದು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ದಪ್ಪವನ್ನು ಮಾತ್ರ ಸೂಚಿಸುತ್ತದೆ. ಗೇರ್ ಎಣ್ಣೆಯ ಅಂಕಗಳ ಮಾಪಕವೇ ಬೇರೆ. ಗೇರ್ ಎಣ್ಣೆಯ 90, ಎಂಜಿನ್ ಎಣ್ಣೆಯ 40 ಅಥವಾ 50ಕ್ಕೆ ಸರಿಸುಮಾರು ಸಮನಾದ ದಪ್ಪ. ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತುಗಳು ಒತ್ತಡ ತಡೆಯುವ ರಾಸಾಯನಿಕಗಳ ಮಟ್ಟವನ್ನು ತಿಳಿಸುತ್ತವೆ. ಜಿಎಲ್-5 ಹೆಚ್ಚಿನದೆಂಬ ಕಾರಣಕ್ಕೆ ಎಲ್ಲೆಡೆಯೂ ಉತ್ತಮವೆಂದು ಭಾವಿಸಬಾರದು. ಹಳೆಯ ಗೇರ್‌ಬಾಕ್ಸುಗಳಲ್ಲಿ ಹಿತ್ತಾಳೆ, ಕಂಚಿನ ಬುಷ್ ಮತ್ತು ವಾಷರುಗಳಿರುತ್ತವೆ; ಕೆಲವು ಜಿಎಲ್-5 ಎಣ್ಣೆಗಳಲ್ಲಿರುವ ಗಂಧಕಯುಕ್ತ ಸೇರ್ಪಡೆಗಳು ಬಿಸಿಯಲ್ಲಿ ಈ ತಾಮ್ರಮಿಶ್ರಿತ ಲೋಹಗಳನ್ನು ಕೊರೆಯುತ್ತವೆ.

ಬ್ರೇಕುಗಳು ಎಣ್ಣೆಯಲ್ಲಿಯೇ ಮುಳುಗಿರುವ ಟ್ರ್ಯಾಕ್ಟರುಗಳಿಗೆ ಸಾಮಾನ್ಯ ಗೇರ್ ಎಣ್ಣೆ ಸಲ್ಲದು. ಅವುಗಳಿಗೆ ಗೇರು, ಹೈಡ್ರಾಲಿಕ್, ಬ್ರೇಕು ಮೂರಕ್ಕೂ ಹೊಂದುವ ಯುಟಿಟಿಒ ವರ್ಗದ ಟ್ರ್ಯಾಕ್ಟರ್ ಎಣ್ಣೆಯೇ ಬೇಕು. ಬೇರೆ ಹಾಕಿದರೆ ಬ್ರೇಕ್ ಕಿರುಗುಟ್ಟುತ್ತದೆ, ಹಿಡಿತವೂ ಕೆಡುತ್ತದೆ. ಕೈಪಿಡಿ ಕಳೆದುಹೋಗಿದ್ದರೆ ಮಾದರಿಯ ಹೆಸರು ಹಾಗೂ ತಯಾರಾದ ವರ್ಷವನ್ನು ಹೇಳಿ ಅಧಿಕೃತ ಮಾರಾಟಗಾರರಿಂದ ತಿಳಿಯಬೇಕು. ಎಂಜಿನ್ನಿನಿಂದ ತೆಗೆದ ಹಳೆಯ ಎಣ್ಣೆಯನ್ನು “ಗೇರಿಗೆ ತಾನೇ” ಎಂದು ಸುರಿಯುವ ಪರಿಪಾಠ ಇನ್ನೂ ಅಲ್ಲಲ್ಲಿ ಕಾಣಸಿಗುತ್ತದೆ. ಅದರಲ್ಲಿರುವ ಮಸಿ, ಆಮ್ಲಗಳು ಬೇರಿಂಗುಗಳನ್ನು ತಿನ್ನುತ್ತವೆ. ಇದನ್ನು ಖಂಡಿತ ಮಾಡಬಾರದು.

ಬದಲಾಯಿಸುವ ವಿಧಾನ

ಅರ್ಧ ಗಂಟೆ ಓಡಿಸಿ ಬೆಚ್ಚಗಾದ ಮೇಲೆ ಎಣ್ಣೆ ಇಳಿಸಿದರೆ ತಳದ ಕೆಸರೂ ಜೊತೆಗೆ ಬರುತ್ತದೆ. ಇಲ್ಲಿ ಒಂದು ನಿಯಮವನ್ನು ತಪ್ಪದೆ ಪಾಲಿಸಬೇಕು: ಮೊದಲು ತುಂಬುವ ಪ್ಲಗ್ ತೆಗೆಯಿರಿ, ಅದು ಕೈಗೆ ಬಂದ ಮೇಲೆ ಮಾತ್ರ ಇಳಿಸುವ ಪ್ಲಗ್ಗಿಗೆ ಸ್ಪ್ಯಾನರ್ ಹಾಕಿರಿ. ವರ್ಷಗಟ್ಟಲೆ ತೆಗೆಯದ ತುಂಬುವ ಪ್ಲಗ್ ತುಕ್ಕು ಹಿಡಿದು ಕೂತಿರಬಹುದು. ಎಣ್ಣೆಯೆಲ್ಲ ಇಳಿದ ನಂತರ ಇದು ತಿಳಿದರೆ ಟ್ರ್ಯಾಕ್ಟರನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಲೂ ಆಗುವುದಿಲ್ಲ.

ಮಾದರಿಗೆ ಅನುಗುಣವಾಗಿ 20 ಲೀಟರಿನಿಂದ 50 ಲೀಟರಿನವರೆಗೂ ಎಣ್ಣೆ ಬರಬಹುದಾದ್ದರಿಂದ ಸಾಕಷ್ಟು ಪಾತ್ರೆಗಳನ್ನು ಅಣಿಮಾಡಿಕೊಳ್ಳಬೇಕು. ಕೆಲವು ಟ್ರ್ಯಾಕ್ಟರುಗಳಿಗೆ ಎರಡು ಮೂರು ಇಳಿಸುವ ಪ್ಲಗ್ಗುಗಳಿರುತ್ತವೆ. ಒಂದನ್ನೇ ತೆಗೆದರೆ ಅರ್ಧ ನೀರು ಒಳಗೇ ಉಳಿಯುತ್ತದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ನುಣ್ಣನೆಯ ಬೂದು ಲೇಪ ಅಂಟಿರುವುದು ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕರೆ ಹೊಸ ಎಣ್ಣೆ ಹಾಕಿ ಪ್ರಯೋಜನವಿಲ್ಲ, ಮೆಕ್ಯಾನಿಕ್‌ಗೆ ತೋರಿಸಬೇಕು. ಹೈಡ್ರಾಲಿಕ್ ಫಿಲ್ಟರ್ ಇದ್ದಲ್ಲಿ ಅದನ್ನೂ ಇದೇ ವೇಳೆ ಬದಲಾಯಿಸಿ ಅಥವಾ ಜಾಲರಿಯನ್ನು ತೊಳೆಯಿರಿ.

ನೀರು ಸೇರಿದ್ದ ಗೇರ್‌ಬಾಕ್ಸನ್ನು ಡೀಸೆಲ್‌ನಿಂದ ತೊಳೆಯುವುದು ರೂಢಿಯಲ್ಲಿದೆ. ಮೂಲೆಗಳಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುಮಾಡುವುದರಿಂದ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಖರ್ಚು ಹೆಚ್ಚಾದರೂ ಅದೇ ದರ್ಜೆಯ ಎಣ್ಣೆಯನ್ನು ತುಂಬಿ, ಭಾರವಿಲ್ಲದೆ ಒಂದೆರಡು ಗಂಟೆ ಓಡಿಸಿ, ಇಳಿಸಿ, ಮತ್ತೆ ತುಂಬುವುದು ಸರಿಯಾದ ಕ್ರಮ. ಸೀಲು ಬದಲಿಸದೆ ಎಣ್ಣೆ ಬದಲಿಸಿದರೆ ಮುಂದಿನ ಗದ್ದೆಯಲ್ಲಿ ಮತ್ತದೇ ಸ್ಥಿತಿ.

ತುಂಬುವಾಗ ಅವಸರ ಸಲ್ಲದು. ಎಣ್ಣೆ ಒಂದು ಕೋಶದಿಂದ ಮತ್ತೊಂದಕ್ಕೆ ನಿಧಾನವಾಗಿ ಹರಿಯುತ್ತದೆ. ಕೈಪಿಡಿಯ ಅಳತೆಯ ಮುಕ್ಕಾಲು ಭಾಗ ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಉಳಿದುದನ್ನು ಕಡ್ಡಿ ನೋಡುತ್ತ ಹಾಕಬೇಕು. ಬಳಿಕ ಎಂಜಿನ್ ಚಾಲೂ ಮಾಡಿ ಲಿಫ್ಟನ್ನು ಐದಾರು ಬಾರಿ ಏರಿಳಿಸಿ, ನಿಲ್ಲಿಸಿ, ಇನ್ನೊಮ್ಮೆ ಅಳೆಯಬೇಕು. ಗುರುತು ಮೀರಿ ತುಂಬಿದ ಎಣ್ಣೆ ಕಡೆದು ನೊರೆಯಾಗುತ್ತದೆ, ಸೀಲು ದಾಟಿ ಒಣ ಬ್ರೇಕುಗಳನ್ನು ನೆನೆಸುತ್ತದೆ.

ಒಣಭೂಮಿಯಲ್ಲಿ ದುಡಿಯುವ ಟ್ರ್ಯಾಕ್ಟರಿಗೆ ಕೈಪಿಡಿಯಲ್ಲಿ ಹೇಳಿದ ಗಂಟೆಗಳ ಅಂತರ, ಅನೇಕ ಮಾದರಿಗಳಲ್ಲಿ ಸುಮಾರು 1000 ಗಂಟೆ, ಸಾಕು. ಕೆಸರಿನಲ್ಲಿ ದುಡಿಯುವುದಕ್ಕೆ ಗಂಟೆಯ ಲೆಕ್ಕ ಅನ್ವಯಿಸದು. ಕೆಸರು ಮಾಡುವ ದಿನಗಳಲ್ಲಿ ಪ್ರತಿದಿನ ಬೆಳಿಗ್ಗೆ ಕಡ್ಡಿ ನೋಡಬೇಕು. ಬಿಳುಪು ಕಂಡ ದಿನವೇ ಕೆಲಸ ನಿಲ್ಲಿಸಬೇಕು. ನೆರೆಯವರ ಟ್ರ್ಯಾಕ್ಟರನ್ನು ಬಾಡಿಗೆಗೆ ಪಡೆದು ನಾಟಿ ಮುಗಿಸುವ ವೆಚ್ಚ, ಗೇರ್‌ಬಾಕ್ಸ್ ಬಿಚ್ಚಿಸುವ ವೆಚ್ಚಕ್ಕಿಂತ ಕಡಿಮೆ.

ಇಳಿಸಿದ ಎಣ್ಣೆಯ ವಿಲೇವಾರಿ

ಇದು ನನ್ನ ವಿಷಯ. ಹಳೆಯ ಎಣ್ಣೆಯನ್ನು ಬದುವಿನ ಮೇಲೆ, ಕಾಲುವೆಯ ಬದಿಯಲ್ಲಿ ಸುರಿಯಬಾರದು. ಎಣ್ಣೆ ಲೇಪಿತ ಮಣ್ಣಿನ ಕಣಗಳು ನೀರನ್ನು ಹೀರಿಕೊಳ್ಳುವುದಿಲ್ಲ. ಎಣ್ಣೆಯಲ್ಲಿ ಇಂಗಾಲ ಅಪಾರ, ಸಾರಜನಕ ಅತ್ಯಲ್ಪ. ಅದನ್ನು ಕೊಳೆಸಲು ಹೊರಟ ಸೂಕ್ಷ್ಮಾಣುಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನು ತಾವೇ ಬಳಸಿಕೊಳ್ಳುವುದರಿಂದ ಅಲ್ಲಿಯ ಪೈರು ಹಳದಿಯಾಗುತ್ತದೆ. ಭತ್ತದ ಕೊಳವೆ ಹುಳುವಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಪೈರಿನ ಮೇಲೆ ಎಳೆಯುವ ಹಳೆಯ ಸಲಹೆಯನ್ನು ನೆನಪಿಸಿಕೊಂಡು, ಅದರ ಬದಲಿಗೆ ಹಳೆಯ ಗೇರ್ ಎಣ್ಣೆ ಆಗಬಹುದೇ ಎಂದು ರೈತರೊಬ್ಬರು ಕೇಳಿದ್ದರು. ಆಗದು. ಸೀಮೆಎಣ್ಣೆ ಆವಿಯಾಗಿ ಹೋಗುತ್ತದೆ. ಗೇರ್ ಎಣ್ಣೆ ಸವೆದ ಲೋಹದ ಕಣಗಳ ಸಮೇತ ಗದ್ದೆಯಲ್ಲಿಯೇ ಉಳಿಯುತ್ತದೆ. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳಡಿ ಬಳಸಿದ ಎಣ್ಣೆಯೂ ಸೇರಿದೆ. ಮುಚ್ಚಳ ಭದ್ರವಾಗಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಪುನರ್ಬಳಕೆಗಾಗಿ ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು. ಕ್ಯಾನಿನ ಮೇಲೆ “ಹಳೆಯ ಗೇರ್ ಆಯಿಲ್” ಎಂದು ದೊಡ್ಡದಾಗಿ ಬರೆದಿಡಿ. ಕೀಟನಾಶಕ, ಡೀಸೆಲ್ ಕ್ಯಾನುಗಳ ಜೊತೆ ಅದನ್ನು ಇಡಬಾರದು.