ಬರದ ಚಿತ್ರ, ಪಾಪ್ ಹಾಡು

ಟಿ.ವಿ.ಯಲ್ಲಿ ಸುದ್ದಿ ಮುಗಿದೊಡನೆ ಹಾಡು ಬರುತ್ತದೆ. ಕಂಡ ಸಂಕಟ ಅಲ್ಲಿಗೇ ಮರೆತುಹೋಗುತ್ತದೆ. ಒಮ್ಮೆ ಮಾತ್ರ ಸುದ್ದಿಯಿಂದಲೇ ಹಾಡು ಹುಟ್ಟಿತು.

1984ರ ಅಕ್ಟೋಬರ್ 23ರಂದು ಬಿಬಿಸಿ, ಇಥಿಯೋಪಿಯಾದ ಕೋರೆಂನಲ್ಲಿ ಹಸಿವಿನಿಂದ ಸಾಯುತ್ತಿದ್ದವರ ಚಿತ್ರಗಳನ್ನು ತೋರಿಸಿತು. ವರದಿ ಮೈಕೇಲ್ ಬರ್ಕ್ ಅವರದು. ಕ್ಯಾಮೆರಾ ಹಿಡಿದವರು ಕೀನ್ಯಾದ ಮೊಹಮ್ಮದ್ ಅಮೀನ್. ಅದನ್ನು ನೋಡಿ ಕಲಕಿಹೋದ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜೊತೆ ಒಂದು ಹಾಡು ಬರೆದು ಪಾಪ್ ತಾರೆಯರಿಂದ ಹಾಡಿಸಿದರು. 1985ರ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯಾದಲ್ಲಿ ನಡೆದ ‘ಲೈವ್ ಏಡ್’ ಕಾರ್ಯಕ್ರಮ ಸುಮಾರು 16 ಗಂಟೆ ಕಾಲ ಉಪಗ್ರಹದ ಮೂಲಕ ಜಗತ್ತಿಗೆ ಪ್ರಸಾರವಾಯಿತು. ಕೋಟಿಗಟ್ಟಲೆ ಹಣ ಹರಿದುಬಂತು.

ಅಲ್ಲಿನವರಿಗೆ ಕ್ರಿಸ್ಮಸ್ ಬಂದದ್ದು ತಿಳಿದಿದೆಯೇ ಎಂಬುದು ಆ ಹಾಡಿನ ಪ್ರಶ್ನೆ. ಇಥಿಯೋಪಿಯಾದ ಅರಸರು ಕ್ರೈಸ್ತಮತ ಸ್ವೀಕರಿಸಿದ್ದೇ ನಾಲ್ಕನೆಯ ಶತಮಾನದಲ್ಲಿ! ಅಲ್ಲಿ ಹಬ್ಬ ಜನವರಿ 7ಕ್ಕೆ, ಅಷ್ಟೇ.

ಹಾಡು ಹೇಳದೆ ಬಿಟ್ಟದ್ದು ಇನ್ನೊಂದಿದೆ. ಮಳೆ ಕೈಕೊಟ್ಟದ್ದು ನಿಜ. ಆದರೆ ಉತ್ತರದ ಬಂಡುಕೋರರ ಮೇಲೆ ಮೆಂಗಿಸ್ಟು ಸರ್ಕಾರ ಸಾರಿದ್ದ ಯುದ್ಧ ಆ ಬರವನ್ನು ಕ್ಷಾಮವಾಗಿಸಿತ್ತು. ಬಿರಿದ ನೆಲವನ್ನು ಕ್ಯಾಮೆರಾ ತೋರಿಸಿತು, ಯುದ್ಧವನ್ನು ತೋರಿಸಿದ್ದು ಕಡಿಮೆ. ದೇಣಿಗೆಯ ಧಾನ್ಯ ಅನೇಕರ ಜೀವ ಉಳಿಸಿತು. ಯುದ್ಧ ಮಾತ್ರ 1991ರಲ್ಲಿ ಮೆಂಗಿಸ್ಟು ದೇಶಬಿಟ್ಟು ಓಡುವವರೆಗೂ ನಡೆದೇ ಇತ್ತು.