ಹಳೆಯ ಗಿಟಾರಿನ ಬಣ್ಣ

ವಾದ್ಯವೊಂದರ ವಯಸ್ಸನ್ನು ತಿಳಿಯುವುದೂ ಶಾಸನವನ್ನು ಓದುವಂತೆಯೇ ತಾಳ್ಮೆಯ ಕೆಲಸ. ಅಮೆರಿಕದ ಗಿಬ್ಸನ್ ಸಂಸ್ಥೆ 1958ರಿಂದ 1960ರವರೆಗೆ ತಯಾರಿಸಿದ ಲೆಸ್ ಪಾಲ್ ಸ್ಟ್ಯಾಂಡರ್ಡ್ ವಿದ್ಯುತ್ ಗಿಟಾರನ್ನೇ ನೋಡಿ. ತಲೆಯ ಹಿಂಬದಿಯ ಸಂಖ್ಯೆಯಲ್ಲಿ ಮೊದಲ ಅಂಕೆ 9 ಇದ್ದರೆ ಅದು 1959ರದು. ಆದರೆ ಸಂಖ್ಯೆಯನ್ನು ಯಾರು ಬೇಕಾದರೂ ಒತ್ತಬಹುದು, ಬಣ್ಣವನ್ನೂ ವಿಚಾರಿಸಬೇಕು. ನಡುವಿನ ಹಳದಿಯ ಸುತ್ತ ಅಂಚಿಗೆ ಹಚ್ಚಿದ ಚೆರ್ರಿಗೆಂಪು ಬೆಳಕಿಗೆ ನಿಲ್ಲದೆ, ಎಷ್ಟೋ ವಾದ್ಯಗಳಲ್ಲಿ ಜೇನುಬಣ್ಣಕ್ಕೆ ಇಳಿದಿದೆ. ಮೇಲಿನ ಬಿಡಿಭಾಗಗಳನ್ನು ಕಳಚಿದರೆ, ಬಿಸಿಲು ಕಾಣದ ಎಡೆಯಲ್ಲಿ ಮೊದಲಿನ ಕೆಂಪು ಉಳಿದಿರುವುದುಂಟು. ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆಯೂ ಕಾಲಕ್ರಮದಲ್ಲಿ ಹಳದಿಯಾಗಿ, ನವಿರಾದ ಬಿರುಕು ಬಿಡುತ್ತದೆ. ಮಾಸಿತೆಂದು ಹೊಸ ಬಣ್ಣ ಬಳಿಸಿದವರು ವಾದ್ಯವನ್ನು ಚೆಲುವಾಗಿಸಿದರು, ನಿಜ. ಅದರೊಡನೆ ಅದರ ಹುಟ್ಟಿನ ಸಾಕ್ಷ್ಯವನ್ನೂ ಅಳಿಸಿಬಿಟ್ಟರು.