ಕಾರ್ನ್‌ವಾಲ್ ಕೌಂಟಿಯ ಸ್ಥಳೀಯ ಮಂಡಳಿ ಚುನಾವಣೆಗಳು: ಇತಿಹಾಸ ಮತ್ತು ಮತದಾರರ ಮಾಹಿತಿ

ಪೀಠಿಕೆ

ಕಾರ್ನ್‌ವಾಲ್ ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಗ್ರಾಮೀಣ ಕೌಂಟಿಯಾಗಿದೆ. ಕೃಷಿ, ಮೀನುಗಾರಿಕೆ ಹಾಗೂ ತವರ ಮತ್ತು ತಾಮ್ರದ ಗಣಿಗಾರಿಕೆ ಇಲ್ಲಿನ ಹಳೆಯ ಕಸುಬುಗಳು. ಕೋಲಾರದ ಚಿನ್ನದ ಗಣಿಗಳಿಗೆ 19ನೇ ಶತಮಾನದ ಕೊನೆಯಲ್ಲಿ ಬಂದ ಗಣಿಗಾರರಲ್ಲಿ ಅನೇಕರು ಈ ಕೌಂಟಿಯವರೇ ಆಗಿದ್ದರು. ಆಡಳಿತ ಕೇಂದ್ರ ಟ್ರೂರೋ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 5,70,000.

ಕೌಂಟಿಯ ಚುನಾವಣಾ ಇತಿಹಾಸದಲ್ಲಿ ಎರಡು ಬದಲಾವಣೆಗಳು ಮುಖ್ಯವಾಗಿವೆ. ಮತದಾನದ ಹಕ್ಕು ಹಂತ ಹಂತವಾಗಿ ಎಲ್ಲ ವಯಸ್ಕರಿಗೂ ವಿಸ್ತರಿಸಿತು. ಆದರೆ ಇತ್ತೀಚಿನ ದಶಕಗಳಲ್ಲಿ ಚುನಾಯಿತ ಸದಸ್ಯರ ಸಂಖ್ಯೆ ಗಣನೀಯವಾಗಿ ಇಳಿದಿದೆ. ಯಾವ ಸೇವೆಗಾಗಿ ಯಾವ ಪ್ರತಿನಿಧಿಯನ್ನು ಕಾಣಬೇಕೆಂಬುದನ್ನು ತಿಳಿಯಲು ಈ ಎರಡೂ ಬದಲಾವಣೆಗಳ ಅರಿವು ಅವಶ್ಯಕ.

1889ಕ್ಕಿಂತ ಹಿಂದೆ

ಟ್ರೂರೋ, ಪೆನ್‌ಜಾನ್ಸ್, ಫಾಲ್ಮತ್ ಮುಂತಾದ ಹಳೆಯ ಪಟ್ಟಣಗಳು 1835ರ ಪುರಸಭಾ ಕಾಯ್ದೆಯನ್ವಯ ಚುನಾಯಿತ ಮಂಡಳಿಗಳನ್ನು ಹೊಂದಿದ್ದವು. ಗ್ರಾಮಾಂತರದಲ್ಲಿ ಅಂತಹ ವ್ಯವಸ್ಥೆ ಇರಲಿಲ್ಲ. ಸೇತುವೆ, ಸೆರೆಮನೆ ಮುಂತಾದ ಕೌಂಟಿ ಮಟ್ಟದ ಕಾರ್ಯಗಳನ್ನು ಮೂರು ತಿಂಗಳಿಗೊಮ್ಮೆ ಸಭೆ ಸೇರುತ್ತಿದ್ದ ನ್ಯಾಯಾಧಿಕಾರಿಗಳು ನಿರ್ವಹಿಸುತ್ತಿದ್ದರು. ಇವರು ನೇಮಕಗೊಂಡವರು; ಜನರಿಂದ ಆಯ್ಕೆಯಾದವರಲ್ಲ.

ಕೌಂಟಿ ಮಂಡಳಿಯ ಸ್ಥಾಪನೆ

1888ರ ಸ್ಥಳೀಯ ಸರ್ಕಾರ ಕಾಯ್ದೆಯಂತೆ ಚುನಾಯಿತ ಕೌಂಟಿ ಮಂಡಳಿಗಳು ಅಸ್ತಿತ್ವಕ್ಕೆ ಬಂದವು. ಮೊದಲ ಚುನಾವಣೆಗಳು ಜನವರಿ 1889ರಲ್ಲಿ ನಡೆದವು. ಸದಸ್ಯರ ಅವಧಿ 3 ವರ್ಷಗಳು. ಇವರಲ್ಲದೆ, ಪ್ರತಿ 3 ಸದಸ್ಯರಿಗೆ ಒಬ್ಬರಂತೆ ‘ಆಲ್ಡರ್‌ಮನ್’ ಎಂಬ ಹಿರಿಯ ಸದಸ್ಯರನ್ನು ಮಂಡಳಿಯೇ 6 ವರ್ಷಗಳ ಅವಧಿಗೆ ಆರಿಸುತ್ತಿತ್ತು. ಹೀಗಾಗಿ ಮಂಡಳಿಯ ಕಾಲು ಭಾಗದಷ್ಟು ಸದಸ್ಯರು ನೇರವಾಗಿ ಮತದಾರರಿಗೆ ಉತ್ತರದಾಯಿಗಳಾಗಿರಲಿಲ್ಲ. ಈ ಪದ್ಧತಿ 1974ರವರೆಗೆ ಮುಂದುವರಿಯಿತು.

1894ರ ಕಾಯ್ದೆಯಿಂದ ನಗರ ಮತ್ತು ಗ್ರಾಮೀಣ ಜಿಲ್ಲಾ ಮಂಡಳಿಗಳು ಹಾಗೂ ಹಳ್ಳಿಗಳ ಮಟ್ಟದಲ್ಲಿ ಪ್ಯಾರಿಷ್ ಮಂಡಳಿಗಳು ರಚನೆಯಾದವು. ಪ್ಯಾರಿಷ್ ಮಂಡಳಿಯನ್ನು ನಮ್ಮ ಗ್ರಾಮ ಪಂಚಾಯಿತಿಗೆ ಸ್ಥೂಲವಾಗಿ ಹೋಲಿಸಬಹುದು. ಆದರೆ ಅದರ ಅಧಿಕಾರಗಳು ಸೀಮಿತವಾದವು. 1902ರ ಶಿಕ್ಷಣ ಕಾಯ್ದೆಯಿಂದ ಶಾಲೆಗಳ ಹೊಣೆಯೂ ಕೌಂಟಿ ಮಂಡಳಿಗೆ ಸೇರಿತು.

ಮತದಾನದ ಹಕ್ಕಿನ ವಿಸ್ತರಣೆ

1. 1889ರಲ್ಲಿ ಸ್ಥಳೀಯ ತೆರಿಗೆಗೆ ಒಳಪಟ್ಟ ಆಸ್ತಿಯ ಅನುಭೋಗದಾರರಿಗೆ ಮಾತ್ರ ಮತದ ಹಕ್ಕಿತ್ತು. ಈ ಅರ್ಹತೆಯುಳ್ಳ ಅವಿವಾಹಿತ ಮಹಿಳೆಯರು ಮತ್ತು ವಿಧವೆಯರು ಮತ ನೀಡಬಹುದಾಗಿತ್ತು.
2. ಪ್ಯಾರಿಷ್ ಮತ್ತು ಜಿಲ್ಲಾ ಮಂಡಳಿಗಳಿಗೆ ಮಹಿಳೆಯರು ಸ್ಪರ್ಧಿಸಲು 1894ರಲ್ಲಿ, ಕೌಂಟಿ ಮಂಡಳಿಗೆ ಸ್ಪರ್ಧಿಸಲು 1907ರಲ್ಲಿ ಅವಕಾಶ ದೊರೆಯಿತು.
3. 1945ರ ಕಾಯ್ದೆಯಿಂದ ಸಂಸತ್ ಚುನಾವಣೆಯ ಮತದಾರರೆಲ್ಲರಿಗೂ ಸ್ಥಳೀಯ ಚುನಾವಣೆಯಲ್ಲಿ ಮತದ ಹಕ್ಕು ಲಭಿಸಿತು. ತೆರಿಗೆದಾರನಲ್ಲದ ಕೂಲಿಕಾರ್ಮಿಕನೂ ಮತದಾರನಾದನು.
4. 1969ರ ಕಾಯ್ದೆಯಂತೆ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲಾಯಿತು.

ಎರಡೂ ಮಹಾಯುದ್ಧಗಳ ಕಾಲದಲ್ಲಿ ಸ್ಥಳೀಯ ಚುನಾವಣೆಗಳನ್ನು ಸ್ಥಗಿತಗೊಳಿಸಲಾಗಿತ್ತು.

1974ರ ಪುನರ್ರಚನೆ

1972ರ ಸ್ಥಳೀಯ ಸರ್ಕಾರ ಕಾಯ್ದೆಯು 1974ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹಳೆಯ ಪಟ್ಟಣ ಮತ್ತು ಗ್ರಾಮೀಣ ಜಿಲ್ಲಾ ಮಂಡಳಿಗಳ ಬದಲಿಗೆ ಕ್ಯಾರಡನ್, ಕ್ಯಾರಿಕ್, ಕೆರಿಯರ್, ನಾರ್ತ್ ಕಾರ್ನ್‌ವಾಲ್, ಪೆನ್‌ವಿತ್ ಮತ್ತು ರೆಸ್ಟಾರ್ಮೆಲ್ ಎಂಬ 6 ಜಿಲ್ಲಾ ಮಂಡಳಿಗಳು ರಚನೆಯಾದವು. ಸದಸ್ಯರ ಅವಧಿ 4 ವರ್ಷಗಳಾಯಿತು. ಪಕ್ಷದ ಚಿಹ್ನೆಯಿಲ್ಲದೆ, ಊರಿನ ಪರಿಚಯದ ಬಲದಿಂದಲೇ ಗೆಲ್ಲುತ್ತಿದ್ದ ಪಕ್ಷೇತರ ಸದಸ್ಯರು ಇಲ್ಲಿ ಪ್ರಬಲರಾಗಿದ್ದರು. ಕಾಲುಬಾಯಿ ರೋಗದ ಹಾವಳಿಯಿಂದಾಗಿ 2001ರ ಚುನಾವಣೆಯನ್ನು ಮೇ ತಿಂಗಳಿನಿಂದ ಜೂನ್ 7ಕ್ಕೆ ಮುಂದೂಡಲಾಯಿತು. 2005ರಲ್ಲಿ 82 ಸ್ಥಾನಗಳ ಪೈಕಿ 48ನ್ನು ಪಡೆದು ಲಿಬರಲ್ ಡೆಮಾಕ್ರಟ್ ಪಕ್ಷವು ಬಹುಮತ ಗಳಿಸಿತು.

ಏಕೀಕೃತ ಮಂಡಳಿ

2009ರ ಏಪ್ರಿಲ್ 1ರಂದು ಕೌಂಟಿ ಮಂಡಳಿ ಹಾಗೂ 6 ಜಿಲ್ಲಾ ಮಂಡಳಿಗಳ ಸ್ಥಾನದಲ್ಲಿ ಒಂದೇ ಕಾರ್ನ್‌ವಾಲ್ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಕೌಂಟಿಯ 82 ಮತ್ತು ಜಿಲ್ಲೆಗಳ 249 ಸೇರಿ ಒಟ್ಟು 331 ಇದ್ದ ಸದಸ್ಯ ಸ್ಥಾನಗಳು 123ಕ್ಕೆ ಇಳಿದವು. ಗಡಿ ಆಯೋಗದ ಪರಿಶೀಲನೆಯ ನಂತರ 2021ರಿಂದ ಈ ಸಂಖ್ಯೆ 87 ಆಯಿತು. ಇದರಂತೆ ಒಬ್ಬ ಸದಸ್ಯರು ಸರಾಸರಿ 6,500ಕ್ಕೂ ಹೆಚ್ಚು ಜನರನ್ನು ಪ್ರತಿನಿಧಿಸುತ್ತಾರೆ. ಎಲ್ಲ ಸೇವೆಗಳೂ ಒಂದೇ ಕಡೆ ದೊರೆಯುತ್ತವೆ, ವೆಚ್ಚ ಉಳಿಯುತ್ತದೆ ಎಂಬುದು ಏಕೀಕರಣದ ಪರವಾದ ವಾದ. ಚದುರಿದ ಹಳ್ಳಿಗಳ ನಾಡಿನಲ್ಲಿ ಪ್ರತಿನಿಧಿಯು ಜನರಿಂದ ದೂರವಾಗುತ್ತಾನೆ ಎಂಬುದು ಅದರ ವಿರುದ್ಧದ ಆಕ್ಷೇಪ.

ಪ್ರಮುಖ ಫಲಿತಾಂಶಗಳು:

• 2009 (123 ಸ್ಥಾನ): ಕನ್ಸರ್ವೇಟಿವ್ 50, ಲಿಬರಲ್ ಡೆಮಾಕ್ರಟ್ 38, ಪಕ್ಷೇತರ 32, ಮೆಬ್ಯನ್ ಕೆರ್ನೋ 3.
• 2013 (123 ಸ್ಥಾನ): ಪಕ್ಷೇತರರು 37 ಸ್ಥಾನಗಳೊಂದಿಗೆ ಅತಿ ದೊಡ್ಡ ಗುಂಪಾದರು.
• 2021 (87 ಸ್ಥಾನ): ಕನ್ಸರ್ವೇಟಿವ್ ಪಕ್ಷಕ್ಕೆ 47 ಸ್ಥಾನಗಳ ಬಹುಮತ.
• 2025 (87 ಸ್ಥಾನ): ರಿಫಾರ್ಮ್ ಯುಕೆ 28, ಲಿಬರಲ್ ಡೆಮಾಕ್ರಟ್ 26, ಪಕ್ಷೇತರ 16, ಕನ್ಸರ್ವೇಟಿವ್ 7, ಲೇಬರ್ 4, ಗ್ರೀನ್ 3, ಮೆಬ್ಯನ್ ಕೆರ್ನೋ 3. ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಎರಡನೇ ಸ್ಥಾನದಲ್ಲಿದ್ದ ಲಿಬರಲ್ ಡೆಮಾಕ್ರಟರು ಪಕ್ಷೇತರರ ಸಹಕಾರದಿಂದ ಆಡಳಿತ ವಹಿಸಿಕೊಂಡರು.

ಮೆಬ್ಯನ್ ಕೆರ್ನೋ, ಕಾರ್ನ್‌ವಾಲಿಗೆ ಪ್ರತ್ಯೇಕ ಶಾಸನಸಭೆ ಬೇಕೆಂದು ಪ್ರತಿಪಾದಿಸುವ, 1951ರಲ್ಲಿ ಸ್ಥಾಪನೆಯಾದ ಪಕ್ಷವಾಗಿದೆ. ಸಿಲಿ ದ್ವೀಪಗಳಿಗೆ ಪ್ರತ್ಯೇಕ ಮಂಡಳಿ ಇದ್ದು, ಈ ಅಂಕಿ-ಅಂಶಗಳಲ್ಲಿ ಅದು ಸೇರಿಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಶಾಲೆ, ರಸ್ತೆ, ವಸತಿ, ಕಟ್ಟಡ ಯೋಜನೆಯ ಅನುಮತಿ, ಕಸ ವಿಲೇವಾರಿ ಮತ್ತು ಸಾಮಾಜಿಕ ಆರೈಕೆ ಕಾರ್ನ್‌ವಾಲ್ ಮಂಡಳಿಯ ವ್ಯಾಪ್ತಿಗೆ ಬರುತ್ತವೆ.
2. ಸಮುದಾಯ ಭವನ, ಸ್ಮಶಾನ, ಆಟದ ಮೈದಾನ ಮುಂತಾದವುಗಳ ಬಗ್ಗೆ ಮೊದಲು ಪ್ಯಾರಿಷ್ ಅಥವಾ ಪಟ್ಟಣ ಮಂಡಳಿಯಲ್ಲಿ ವಿಚಾರಿಸಬಹುದು. ಕೌಂಟಿಯಲ್ಲಿ ಇಂತಹ 200ಕ್ಕೂ ಹೆಚ್ಚು ಮಂಡಳಿಗಳಿವೆ.
3. ಭಾರತವು ಕಾಮನ್‌ವೆಲ್ತ್ ರಾಷ್ಟ್ರವಾಗಿರುವುದರಿಂದ, ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಅರ್ಹ ಭಾರತೀಯ ನಾಗರಿಕರು ಸ್ಥಳೀಯ ಚುನಾವಣೆಗಳಲ್ಲಿ ಮತ ಚಲಾಯಿಸಬಹುದು. ಇದಕ್ಕೆ ಬ್ರಿಟಿಷ್ ಪೌರತ್ವ ಅಗತ್ಯವಿಲ್ಲ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡಿರುವುದು ಕಡ್ಡಾಯ.
4. ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ತೋರಿಸುವ ನಿಯಮ ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಮೇ 2023ರಿಂದ ಜಾರಿಗೆ ಬಂದಿತು. ಭಾರತೀಯ ಪಾಸ್‌ಪೋರ್ಟ್ ಇದಕ್ಕೆ ಮಾನ್ಯ ದಾಖಲೆಯಾಗಿದೆ. ಸೂಕ್ತ ದಾಖಲೆ ಇಲ್ಲದವರು ಉಚಿತ ಮತದಾರ ಪ್ರಮಾಣಪತ್ರಕ್ಕೆ ಮುಂಚಿತವಾಗಿ ಅರ್ಜಿ ಸಲ್ಲಿಸಬಹುದು.